ದಪ್ಪ ತಳದ ತಪೇಲಿ

ಬೋಪಲ್, ಅಹಮದಾಬಾದ್
ಶನಿವಾರ, ೧೫ ಫೆಬ್ರವರಿ ೨೦೨೫

ಪ್ರೀತಿಯ ಮಾಮಿ,

ಮೊದಲು "ಪೂಜ್ಯ ಅತ್ತೆಯವರಿಗೆ ಸಾಷ್ಟಾಂಗ ನಮಸ್ಕಾರಗಳು" ಎಂದು ಬರೆದಿದ್ದೆ. ಓದಿ ನೋಡಿದರೆ ಹತ್ತನೇ ಕ್ಲಾಸಿನ ಪರೀಕ್ಷೆಯ ಪತ್ರದ ಹಾಗೆ ಕೇಳಿಸಿತು. ಆ ಹಾಳೆ ಹರಿದು, ಮನೆಯಲ್ಲಿ ತುಳುವಿನಲ್ಲಿ ಕರೆಯುವಂತೆಯೇ ಮಾಮಿ ಎಂದು ಶುರು ಮಾಡಿದ್ದೇನೆ. ನಿಮ್ಮ ಮೊಣಕಾಲು ಹೇಗಿದೆ? ಕಾರ್ಕಳದ ಮನೆಯ ಮೆಟ್ಟಿಲು ಹತ್ತಿ ಇಳಿದು ನೋವು ಜಾಸ್ತಿ ಮಾಡಿಕೊಳ್ಳಬೇಡಿ. ಬಾಣಂತಿಯ ಸ್ನಾನಕ್ಕೆ ನೀರು ಹೊರುವ ಕೆಲಸವನ್ನಾದರೂ ಬೇರೆಯವರಿಗೆ ಬಿಡಿ. ಸೌಮ್ಯಕ್ಕನಿಗೆ ಸ್ವಲ್ಪ ನಿದ್ದೆ ಸಿಗುತ್ತಿದೆಯೇ? ಪಾಪುವಿನ ಫೋಟೊ ನೋಡಿ ನೋಡಿ ನನ್ನ ಫೋನಿನ ಗಾಜು ಸವೆದಿರಬೇಕು. ಅಷ್ಟು ಚಿಕ್ಕ ಮುಖದಲ್ಲಿ ಅಷ್ಟು ದೊಡ್ಡ ಆಕಳಿಕೆ! ಮೂಗು ನಿಮ್ಮದು, ಆಕಳಿಕೆ ಮಾತ್ರ ಮಾವನದ್ದು ಎಂದು ಶರತ್ ಹೇಳುತ್ತಾರೆ.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಬೆಳಗಿನ ಚಳಿ ಕಡಿಮೆಯಾಗುತ್ತ ಬಂದಿದೆ. ಉತ್ತರಾಯಣದ ಗಾಳಿಪಟಗಳು ಇನ್ನೂ ಗೇಟಿನ ಬೇವಿನ ಮರದಲ್ಲಿ ಸಿಕ್ಕಿಕೊಂಡು ಫಡಫಡ ಎನ್ನುತ್ತಿವೆ. ನಿಮ್ಮ ಬಾಲ್ಕನಿಯ ಕರಿಬೇವಿಗೆ ದಿನವೂ ನೀರು ಹಾಕುತ್ತಿದ್ದೇನೆ. ಮೊದಲ ವಾರ ಅತಿಯಾಗಿ ಹಾಕಿ ಎಲೆ ಹಳದಿಯಾಗಿತ್ತು, ಈಗ ಚೇತರಿಸಿಕೊಂಡಿದೆ. ಮಾವ ಸೋಮವಾರ ವಡೋದರಾಕ್ಕೆ ಹೋಗಿ ಗುರುವಾರ ಬಂದರು. ಮಂಜಲ್‌ಪುರದ ನಮ್ಮ ಹೊಸ ಹೋಟೆಲಿನ ಅಡುಗೆಮನೆಗೆ ಟೈಲ್ಸ್ ಹಾಕುವ ಕೆಲಸ ಮುಗಿಯಿತಂತೆ. ಬಂದವರೇ ನನ್ನ ಮುಖ ನೋಡಿ, "ಏನು ಮಗಾ, ಹಳಸಿದ ಇಡ್ಲಿ ಹಿಟ್ಟಿನ ಹಾಗೆ ಕೂತಿದ್ದೀ?" ಎಂದರು. ಮದುವೆಯಾಗಿ ಮೂರು ತಿಂಗಳಲ್ಲಿ ನಾನು ಬಾಯಿ ಮುಚ್ಚಿ ಕೂತದ್ದನ್ನು ಅವರು ಕಂಡದ್ದೇ ಮೊದಲ ಸಲ. ತಲೆನೋವು ಎಂದೆ.

ತಲೆನೋವಲ್ಲ ಮಾಮಿ. ನಾಚಿಕೆ. ಕಾಗದ ಬರೆಯುತ್ತಿರುವುದೂ ಅದಕ್ಕೇ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಲ್ಲಿ ನಿಮ್ಮ ಫೋನು ಯಾವಾಗಲೂ ಸ್ಪೀಕರಿನಲ್ಲಿ ಇರುತ್ತದೆ, ವಾಟ್ಸ್ಆ್ಯಪ್ ಸೌಮ್ಯಕ್ಕನೇ ತೆರೆದು ಓದಿ ಹೇಳುತ್ತಾರೆ. ಇನ್ನೊಂದು ಕಾರಣವೂ ಇದೆ. ಗಾಬರಿಯಾದಾಗ ನನಗೆ ನಗು ಬರುತ್ತದೆ. ಮದುವೆಯ ಮಂಟಪದಲ್ಲೇ ನೀವು ನೋಡಿದ್ದೀರಿ, ಧಾರೆ ಎರೆಯುವಾಗ ನನ್ನ ಹೆಗಲು ಕುಣಿಯುತ್ತಿತ್ತು, ನಿಮ್ಮ ಅಕ್ಕ ನಾನು ಅಳುತ್ತಿದ್ದೇನೆ ಎಂದು ಕರ್ಚೀಫು ಕೊಟ್ಟರು. ಈ ವಿಷಯ ಹೇಳುವಾಗ ನಕ್ಕರೆ ನೀವು ಎಂದಿಗೂ ಕ್ಷಮಿಸುವುದಿಲ್ಲ. ಕಾಗದದಲ್ಲಿ ನಗು ಕೇಳುವುದಿಲ್ಲ. ಈಗ ನಗು ಬರುತ್ತಲೂ ಇಲ್ಲ.

ಮಂಗಳವಾರ ಶರತ್ ಹುಟ್ಟುಹಬ್ಬ. ನೀವು ಬೆಳಿಗ್ಗೆಯೇ ಫೋನ್ ಮಾಡಿ ಪಾಯಸ ಮಾಡು ಎಂದಿರಿ, ಮಾಡಿದೆ. ಅದರ ಜೊತೆಗೆ ನಾನು ಗುಟ್ಟಾಗಿ ಇನ್ನೊಂದು ಯೋಚನೆ ಮಾಡಿಕೊಂಡಿದ್ದೆ. ನಾವಿಬ್ಬರೂ ಮಣಿಪಾಲದಲ್ಲಿ ಓದುವಾಗ ಬೆಟ್ಟದ ಇಳಿಜಾರಿನಲ್ಲಿ ಒಂದು ಅಮೆರಿಕನ್ ಡೈನರ್ ಇತ್ತು. ಕೆಂಪು ಸೀಟು, ಕರಿ ಬಿಳಿ ಚೌಕದ ನೆಲ, ಒಂದೇ ಸಮ ಕರಕರ ಎನ್ನುವ ಹಳೆಯ ಫ್ಯಾನು. ಅಲ್ಲಿ ದೊಡ್ಡ ಬಟ್ಟಲಿನಲ್ಲಿ ಚಿಲ್ಲಿ ಎಂದು ಕೊಡುತ್ತಿದ್ದರು. ಹೆಸರು ಕೇಳಿ ಗೋಬಿ ಚಿಲ್ಲಿ ಎಂದುಕೊಳ್ಳಬೇಡಿ. ಕೊಚ್ಚಿದ ಮಾಂಸ, ರಾಜ್ಮಾ, ಟೊಮೆಟೊ, ಜೀರಿಗೆ, ಮೆಣಸು ಎಲ್ಲ ಸೇರಿಸಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸಿದ್ದು, ಗಸಿಗಿಂತ ಗಟ್ಟಿ. ಮೇಲೆ ಹಸಿ ಈರುಳ್ಳಿ, ಚೀಸು, ಪಕ್ಕದಲ್ಲಿ ಪುಡಿ ಮಾಡಿ ಉದುರಿಸಿಕೊಳ್ಳಲು ಉಪ್ಪಿನ ಬಿಸ್ಕತ್ತು. ಒಂದು ಸಂಜೆ ಆ ಬಟ್ಟಲಿನ ಎದುರು ಕೂತು, ಮೀಸೆಗೆ ಚೀಸು ಅಂಟಿಸಿಕೊಂಡೇ ನಿಮ್ಮ ಮಗ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದು. ಹೂಂ ಎನ್ನುವ ಮೊದಲು ಮೀಸೆ ಒರೆಸಿಕೋ ಎಂದೆ. (ಇದನ್ನು ಸೌಮ್ಯಕ್ಕನಿಗೆ ಓದಿ ಹೇಳಬಹುದು. ಉಳಿದದ್ದು ಬೇಡ.) ಮದುವೆಯಾದ ಮೇಲಿನ ಮೊದಲ ಹುಟ್ಟುಹಬ್ಬಕ್ಕೆ ಆ ಚಿಲ್ಲಿಯನ್ನು ಮನೆಯಲ್ಲೇ ಮಾಡಬೇಕು ಎಂಬ ಹುಚ್ಚು ಹತ್ತಿತು.

ಈ ಮನೆಯಲ್ಲಿ ಮಾಂಸ ಮೀನು ಬೇಯಿಸುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಅದು ಎರಡನೆಯ ತಪ್ಪಾಗುತ್ತದೆ. ಗೊತ್ತಿತ್ತು. ನಾನು ಬಂದ ವಾರವೇ ನೀವು ಬಾಲ್ಕನಿಯಲ್ಲಿ ಕೂರಿಸಿ ಹೇಳಿದ್ದಿರಿ. ಈ ಫ್ಲ್ಯಾಟ್ ಕೊಳ್ಳುವಾಗ ಹೌಸಿಂಗ್ ಸೊಸೈಟಿಯವರು, "ಶೆಟ್ಟಿ ಜನ, ಹೋಟೆಲು ವೆಜ್ ಆದರೂ ಮನೆಯಲ್ಲಿ ತಿನ್ನುವವರು, ಕೊಡುವುದು ಬೇಡ" ಎಂದಾಗ, ಎದುರು ಮನೆಯ ಹರ್ಷಿದಾಬೆನ್ ಮೀಟಿಂಗಿನಲ್ಲಿ ಎದ್ದು ನಿಂತು, ನಿಮ್ಮ ಹೆಸರು ಹಿಡಿದು, ಸುಮತಿಬೆನ್ ಜವಾಬ್ದಾರಿ ನನ್ನದು ಎಂದರಂತೆ. ಅಂದಿನಿಂದ ನೀವು ಮೀನು ಬೇಕೆನಿಸಿದಾಗಲೆಲ್ಲ ಸೂರತ್‌ಗೆ ರೈಲು ಹತ್ತಿ, ಕತಾರ್‌ಗಾಮ್‌ನಲ್ಲಿರುವ ನಿಮ್ಮ ತಮ್ಮನ ಮನೆಯಲ್ಲಿ ತಿಂದು, ಅಲ್ಲೇ ತಲೆಗೆ ಸ್ನಾನ ಮಾಡಿ ಬರುತ್ತೀರಿ. "ತಿನ್ನಬಾರದು ಅಂತ ಅಲ್ಲ ಮಗಾ. ಇಲ್ಲಿ ಮಾಡುವುದಿಲ್ಲ ಅಂತ ಹೇಳಿ ಬಂದದ್ದಲ್ಲವಾ, ಹಾಗಾಗಿ ಇಲ್ಲಿ ಬೇಡ" ಎಂದಿರಿ. ನಾನು ತಲೆಯಾಡಿಸಿದೆ. ಒಳಗೊಳಗೇ ಒಂದು ಬಂಗುಡೆಗೋಸ್ಕರ ಸೂರತ್‌ವರೆಗೆ ಯಾರಾದರೂ ಹೋಗುತ್ತಾರೆಯೇ ಎಂದು ನಕ್ಕಿದ್ದೆ. ಅಷ್ಟು ಹಗುರವಾಗಿ ತೆಗೆದುಕೊಂಡಿದ್ದೆ.

ಎಷ್ಟು ಜಾಣತನ ಮಾಡಿದೆ ಕೇಳಿ. ಸೋಮವಾರ ಅಲ್ಲ, ಸಂಕಷ್ಟಿ ಅಲ್ಲ ಎಂದು ಗೋಡೆಯ ಕ್ಯಾಲೆಂಡರ್ ನೋಡಿದೆ. ಪಕ್ಕದ ಚೌಕದಲ್ಲೇ ಇದ್ದ ಹುಣ್ಣಿಮೆಯನ್ನು ನೋಡಲಿಲ್ಲ. ಸ್ಕೂಟರಿನಲ್ಲಿ ಸರ್ಖೇಜ್ ಕಡೆಯ ಅಂಗಡಿಗೆ ಹೋಗಿ ಮಟನ್ ಖೀಮಾ ತಂದೆ, ಸೀರೆ ಅಂಗಡಿಯ ಚೀಲದೊಳಗೆ ಇಟ್ಟುಕೊಂಡು ಲಿಫ್ಟಿನಲ್ಲಿ ಎಲ್ಲರಿಗೂ ಕೇಮ್ ಛೋ ಹೇಳುತ್ತ ಬಂದೆ. ಕಿಟಕಿಗಳನ್ನೆಲ್ಲ ಮುಚ್ಚಿ ಊದುಬತ್ತಿ ಹಚ್ಚಿದೆ. ರಾಜ್ಮಾ ಕುಕ್ಕರಿನಲ್ಲಿ ಕೂಗಿಸಿಕೊಂಡೆ. ಪಿಜ್ಜಾದ ಜೊತೆ ಬರುವ ಒರೆಗ್ಯಾನೊ ಪೊಟ್ಟಣಗಳನ್ನು ಕೂಡಿಟ್ಟಿದ್ದೆ, ಎಲ್ಲ ಒಡೆದು ಸುರಿದೆ. ನಿಮ್ಮ ಬ್ಯಾಡಗಿ ಪುಡಿ ಹಾಕಿದೆ. ಮಣಿಪಾಲದ ಅಡುಗೆಯವನು ಒಂದು ಚಮಚ ಕಡು ಕಾಫಿ ಹಾಕುತ್ತಿದ್ದ ನೆನಪು, ಅದಕ್ಕೆ ಹೋಟೆಲಿನಿಂದ ತಂದ ಡಿಕಾಕ್ಷನ್ ಬೆರೆಸಿದೆ. ಖೀಮಾ ಮಾತ್ರ ನನ್ನ ತೆಳು ಪಾತ್ರೆಯಲ್ಲಿ ಅಡಿ ಹಿಡಿಯತೊಡಗಿತು. ಗಂಟೆಗಟ್ಟಲೆ ಕುದಿಯಬೇಕಾದದ್ದು. ಅಟ್ಟದ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದ ದಪ್ಪ ತಳದ ಪಾತ್ರೆ ಕಣ್ಣಿಗೆ ಬಿತ್ತು. ಬಟ್ಟೆ ಯಾಕೆ ಸುತ್ತಿದ್ದೀರಿ ಎಂದು ಯೋಚಿಸಲೇ ಇಲ್ಲ ಮಾಮಿ. ಬಿಚ್ಚಿದೆ, ಒಲೆಗೆ ಇಟ್ಟೆ, ಎಲ್ಲವನ್ನೂ ಅದಕ್ಕೆ ಸುರಿದೆ.

ಚಿಲ್ಲಿ ಬಹಳ ಚೆನ್ನಾಗಿ ಬಂತು. ಅದೇ ಅವಮಾನ. ಶರತ್ ಬಾಗಿಲು ತೆರೆದು, ಮೂಗು ಅರಳಿಸಿ, ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ಬಂದರು. "ಅರ್ಪೀ, ನಿನಗೆ ಮರ್ಲಾ?" ಎಂದು ನನ್ನ ಹುಚ್ಚಿಗೆ ಗದರಿದರು, ಆದರೆ ಕಣ್ಣು ಮಾತ್ರ ಬಟ್ಟಲಿನ ಮೇಲೆ. ಫ್ಯಾನು ಹಾಕಿದರೆ ವಾಸನೆ ಹೊರಗೆ ಹೋಗುತ್ತದೆ ಎಂದು ಬೆವರು ಸುರಿಸುತ್ತ, ಕಳ್ಳ ಮಕ್ಕಳ ಹಾಗೆ ಒಬ್ಬರ ಬಾಯಿ ಒಬ್ಬರು ಮುಚ್ಚಿ ನಗುತ್ತ ತಿಂದೆವು. ಉಳಿದದ್ದನ್ನು ಬೆಳಿಗ್ಗೆ ಕಸದವಳ ಬುಟ್ಟಿಗೆ ಹಾಕುವ ಹಾಗಿಲ್ಲವಲ್ಲ, ಅದನ್ನೂ ನಿಂತುಕೊಂಡೇ ಮುಗಿಸಿದೆವು. ಕೊನೆಯ ಸೌಟು ಕೆರೆಯುವಾಗ ಶರತ್ ಪಾತ್ರೆಯನ್ನು ನೋಡಿದರು. ಅವರ ನಗು ಹೇಗೆ ನಿಂತಿತು ಎಂದರೆ, ಕರೆಂಟು ಹೋಯಿತೇನೋ ಎಂಬಂತೆ. "ಇದರಲ್ಲಿ ಮಾಡಿದ್ದಾ?" ಎಂದಷ್ಟೇ ಕೇಳಿದರು.

ಆ ಪಾತ್ರೆಯ ಕತೆ ನಿಮಗೆ ನಾನು ಹೇಳುವುದೇನಿದೆ? ನೀವೂ ಹರ್ಷಿದಾಬೆನ್ ಅವರೂ ಮಾಣೆಕ್ ಚೌಕಿಗೆ ಒಟ್ಟಿಗೆ ಹೋಗಿ ಕೊಂಡದ್ದು, ಅವರ ಭಾಷೆಯಲ್ಲಿ ಅದಕ್ಕೆ ತಪೇಲಿ, ಪ್ರತಿ ಹುಣ್ಣಿಮೆಗೆ ಅವರ ಮನೆಯ ಸತ್ಯನಾರಾಯಣ ಕಥೆಯ ಶೀರಾ ಅದರಲ್ಲೇ ಆಗುವುದು, ಬೇರೆ ಏನೂ ಅದರಲ್ಲಿ ಆಗದು. ಎಲ್ಲವನ್ನೂ ಶರತ್ ಆಮೇಲೆ ಹೇಳಿದರು. ಕಥೆಯ ದಿನಗಳಲ್ಲಿ ನಾನು ತಿಂದ ಶೀರಾ ನನಗೆ ಗೊತ್ತಿತ್ತು, ಪಾತ್ರೆ ಗೊತ್ತಿರಲಿಲ್ಲ. ಹುಣಸೆಹಣ್ಣು, ನಿಂಬೆ, ಸೋಡಾ, ಸಿಕ್ಕಿದ್ದೆಲ್ಲ ಹಾಕಿ ಉಜ್ಜಿದೆ. ಉಜ್ಜುವಾಗ ಅಂಚಿನಲ್ಲಿ ಕೊರೆದ ಅಕ್ಷರ ಕೈಗೆ ತಗುಲಿತು. ನಾನು ಬಸ್ಸಿನ ಬೋರ್ಡು ಓದಿ ಓದಿ ಗುಜರಾತಿ ಕಲಿಯುತ್ತಿದ್ದೇನೆ ಎಂದು ನಿಮ್ಮ ಹತ್ತಿರ ಎಷ್ಟು ಜಂಬ ಕೊಚ್ಚಿಕೊಂಡಿದ್ದೆ! ಬೆರಳಿಟ್ಟು ಓದಿದೆ. ಮೊದಲು ನಿಮ್ಮ ಹೆಸರು. ಅದರ ಪಕ್ಕದಲ್ಲಿ ಅವರದು. ನೀರು ಹರಿಯುತ್ತಲೇ ಇತ್ತು, ನಲ್ಲಿ ನಿಲ್ಲಿಸಿದ್ದು ಶರತ್. "ನಾಳೆ ಹೊಸದು ತರುವ. ಹರ್ಷಿದಾ ಆಂಟಿಗೆ ನಾನು ಏನಾದರೂ ಹೇಳ್ತೇನೆ" ಎಂದರು. ನಾಳೆಯೇ ಹುಣ್ಣಿಮೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ಶರತ್ ಸ್ನಾನಕ್ಕೆ ಹೋಗಿದ್ದರು, ಬೆಲ್ ಆಯಿತು. ಹರ್ಷಿದಾಬೆನ್, ಒದ್ದೆ ತಲೆಗೆ ಟವೆಲು ಸುತ್ತಿಕೊಂಡು. "ಅರ್ಪಿತಾ ಬೇಟಾ, ವೋ ಜಾಡಿ ತಪೇಲಿ ದೇನಾ, ಮಹಾರಾಜ್ ಜಲ್ದಿ ಆ ರಹಾ ಹೈ" ಎಂದರು. ಕಥೆಯ ಪುರೋಹಿತರು ಬೇಗ ಬರುತ್ತಾರಂತೆ, ಆ ದಪ್ಪ ತಪೇಲಿ ಬೇಕಂತೆ. ತಪೇಲಿ ನನ್ನ ಹಿಂದೆಯೇ, ಅಡುಗೆ ಕಟ್ಟೆಯ ಮೇಲೆ ಬೋರಲಾಗಿತ್ತು. ಅವರೇ ಕತ್ತು ಚಾಚಿ ನೋಡಿ, "ಅರೆ ವಾಹ್, ಕೈಸಾ ಚಮಕಾಯಾ ಹೈ!" ಎಂದು ಅದರ ಹೊಳಪಿಗೆ ಹಿಗ್ಗಿದರು. ಸುಮತಿಬೆನ್ ಇಲ್ಲದಿದ್ದರೂ ಸೊಸೆ ಹುಣ್ಣಿಮೆ ನೆನಪಿಟ್ಟು ತೊಳೆದಿಟ್ಟಿದ್ದಾಳೆ ಎಂದುಕೊಂಡರು. ನನ್ನ ಗಲ್ಲ ಮುಟ್ಟಿ ಬೆರಳುಗಳಿಗೆ ಮುತ್ತು ಕೊಟ್ಟುಕೊಂಡರು. ಆಗ ಹೇಳಬೇಕಿತ್ತು. ಒಂದು ವಾಕ್ಯ. ಡಿಬೇಟಿನಲ್ಲಿ ಕಪ್ ಗೆದ್ದ ಹುಡುಗಿ ನಾನು, ಮಾಮಿ. ತಪೇಲಿಯನ್ನು ಎರಡು ಕೈಯಲ್ಲಿ ಎತ್ತಿ ಅವರ ಕೈಗೆ ಕೊಟ್ಟೆ. ಕೊಟ್ಟು, ನಗುತ್ತ, "ಅಚ್ಛೇ ಸೆ ಧೋಯಾ ಹೈ ಆಂಟಿ" ಎಂದೆ. ಚೆನ್ನಾಗಿ ತೊಳೆದಿದ್ದೇನೆ ಅಂತ! ಆ ಪಾತ್ರೆಯಲ್ಲಿ ಖೀಮಾ ಬೇಯಿಸಿದ್ದು ಗೊತ್ತಿಲ್ಲದ ತಪ್ಪು ಎಂದು ಹೇಗಾದರೂ ಸಮಾಧಾನ ಮಾಡಿಕೊಂಡೇನು. ಇದು ಹಾಗಲ್ಲ. ಇದನ್ನು ನಾನು ಕಣ್ಣು ಬಿಟ್ಟುಕೊಂಡು ಮಾಡಿದೆ, ಯಾಕೆಂದರೆ ಹೊಗಳಿಸಿಕೊಳ್ಳುತ್ತಿದ್ದ ಮುಖದಲ್ಲಿ ಆ ಮಾತು ಹೇಳಲು ನನಗೆ ಆಗಲಿಲ್ಲ.

ಸಂಜೆ ಕಥೆಗೆ ಕರೆದರು. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ನೀವು ಕೊಟ್ಟ ಹಸಿರು ಸೀರೆ ಉಟ್ಟು ಹೋದೆ. ಆರತಿಯಾದ ಮೇಲೆ ಹೊಸ ಸೊಸೆ ಎಂದು ನನ್ನ ಅಂಗೈಗೇ ಮೊದಲು ಶೀರಾ ಇಟ್ಟರು. ಹರ್ಷಿದಾಬೆನ್ ಅವರ ಅತ್ತೆ ಗೊತ್ತಲ್ಲ, ಎಲ್ಲರೂ ಗುಜರಾತಿಯಲ್ಲಿ ಬಾ ಎಂದು ಕರೆಯುವ ಅಜ್ಜಿ, ಈರುಳ್ಳಿ ಹೆಚ್ಚಿದ ಚಾಕು ತಾಗಿದರೂ ಆ ಟೊಮೆಟೊ ಬೇಡ ಎನ್ನುವವರು. ಅವರು ನನ್ನ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತು, ಹಲ್ಲಿಲ್ಲದ ಬಾಯಲ್ಲಿ ಆ ಶೀರಾವನ್ನು ಚೂರು ಚೂರೇ ಚಪ್ಪರಿಸಿ ತಿಂದರು. ಬಟ್ಟಲು ಬಳಿದು ಬೆರಳು ನೆಕ್ಕಿದರು. ನಾನು ಕಾಲು ಮುಟ್ಟಿದೆ. ತುಪ್ಪದ ಕೈಯನ್ನೇ ತಲೆಯ ಮೇಲಿಟ್ಟು ಏನೋ ಆಶೀರ್ವಾದ ಮಾಡಿದರು, ನನ್ನ ಬಸ್ ಬೋರ್ಡಿನ ಗುಜರಾತಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗದಿದ್ದದ್ದೇ ಒಳ್ಳೆಯದಾಯಿತು. ನನ್ನ ಕೈಯಲ್ಲಿದ್ದ ಪ್ರಸಾದವನ್ನು ಬಿಡುವ ಹಾಗಿರಲಿಲ್ಲ, ತಿಂದೆ. ಶೀರಾದ ರುಚಿಯೇ ಇತ್ತು, ಮಾಮಿ, ಏಲಕ್ಕಿ, ತುಪ್ಪ, ಬಾಳೆಹಣ್ಣು, ಇನ್ನೇನೂ ಇರಲಿಲ್ಲ. ಆದರೂ ಮನೆಗೆ ಬಂದು ಸಿಂಕಿನ ಎದುರು ಬಹಳ ಹೊತ್ತು ನಿಂತಿದ್ದೆ.

ಅಂದಿನಿಂದ ಲಿಫ್ಟಿನಲ್ಲಿ ಹರ್ಷಿದಾಬೆನ್ ದನಿ ಕೇಳಿದರೆ ಮೆಟ್ಟಿಲು ಇಳಿಯುತ್ತೇನೆ. ಶರತ್, "ತೊಳೆದದ್ದು ತೊಳೆದಾಯಿತು, ಯಾರಿಗೂ ಗೊತ್ತಿಲ್ಲ, ಬಿಡು" ಎನ್ನುತ್ತಾರೆ, ಮತ್ತೆ ಸ್ವಲ್ಪ ಹೊತ್ತಿಗೆ ಅವರೇ, "ಅಮ್ಮನಿಗೆ ನಾನೇ ಹೇಳ್ತೇನೆ" ಎನ್ನುತ್ತಾರೆ. ಅವರು ಹೇಳುವುದು ಬೇಡ. ಅವರು ಹೇಳಿದರೆ ಅದು ಹುಟ್ಟುಹಬ್ಬದ ತಮಾಷೆಯ ಹಾಗೆ ಆಗಿಬಿಡುತ್ತದೆ, ನೀವು ಮಗನ ಮೇಲಿನ ಪ್ರೀತಿಗೆ ನಕ್ಕು ಸುಮ್ಮನಾಗುತ್ತೀರಿ. ನಾನು ಅಷ್ಟು ಸುಲಭದಲ್ಲಿ ತಪ್ಪಿಸಿಕೊಳ್ಳಬಾರದು. ಹರ್ಷಿದಾಬೆನ್‌ಗೆ ಹೇಳಬೇಕೇ, ಬೇಡವೇ? ಹೇಳಿದರೆ ಅವರು ಸೊಸೈಟಿಯಲ್ಲಿ ನಿಮಗಾಗಿ ಕೊಟ್ಟ ಮಾತು ಏನಾಗುತ್ತದೆ, ಆ ಬಾ ಅಜ್ಜಿ ಏನು ಮಾಡಿಕೊಳ್ಳುತ್ತಾರೆ ಎಂದು ಭಯ. ಹೇಳದಿದ್ದರೆ ಮುಂದಿನ ಹುಣ್ಣಿಮೆಗೆ ಅವರು ಮತ್ತೆ ಅದೇ ತಪೇಲಿಗೆ ಕೈ ಚಾಚುತ್ತಾರೆ. ಗೆಳತಿ ಅವರು ನಿಮಗೆ, ನನಗಲ್ಲ. ನಿಮ್ಮನ್ನು ಕೇಳದೆ ನಾನು ಅದನ್ನು ಮುರಿಯುವುದೂ ಸರಿಯಲ್ಲ, ಮುಚ್ಚಿಡುವುದೂ ಸರಿಯಲ್ಲ. ನೀವು ಬೈಯಿರಿ, ಚೆನ್ನಾಗಿ ಬೈಯಿರಿ, ಆದರೆ ಏನು ಮಾಡಲಿ ಎಂದು ಹೇಳಿ. ನಿಮ್ಮ ಕಾಗದ ಬರುವವರೆಗೆ ಬಾಯಿ ಮುಚ್ಚಿಕೊಂಡಿರುತ್ತೇನೆ. ನನಗೆ ಅದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತು.

ಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಸೌಮ್ಯಕ್ಕನಿಗೆ ನನ್ನ ನೆನಪು ಹೇಳಿ. ಪಾಪುವಿನ ಎರಡೂ ಅಂಗಾಲಿಗೆ ನನ್ನ ಪರವಾಗಿ ಒಂದೊಂದು ಮುತ್ತು ಕೊಡಿ. ಮೊಮ್ಮಗುವಿನ ಆರೈಕೆಯ ಖುಷಿಯ ನಡುವೆ ಇಂಥ ಕಾಗದ ಕಳಿಸುತ್ತಿರುವ ನನ್ನನ್ನು, ಸಾಧ್ಯವಾದರೆ, ಇನ್ನೂ ಮಗಾ ಎಂದೇ ಕರೆಯಿರಿ.

ನಿಮ್ಮ ಸೊಸೆ,
ಅರ್ಪಿತಾ

ಮರೆಯುವ ಮುನ್ನ, ಇಲ್ಲ, ಮರೆಯುವ ವಿಷಯವೇ ಅಲ್ಲ: ಲಕೋಟೆಗೆ ಅಂಟು ಹಚ್ಚುವಾಗ ಬೆಲ್ ಆಯಿತು. ಹರ್ಷಿದಾಬೆನ್ ತಪೇಲಿ ವಾಪಸ್ ತಂದಿದ್ದರು. ನಿಮ್ಮಿಬ್ಬರ ನಡುವೆ ಪಾತ್ರೆ ಖಾಲಿ ಹೋಗುವುದಿಲ್ಲವಲ್ಲ, ಅದರ ತುಂಬ ಹಸಿ ಕಡಲೆ, ಗಿಡದಿಂದ ಈಗಷ್ಟೇ ಬಿಡಿಸಿದ್ದು. "ಸುಮತಿಬೆನ್‌ಗೆ ಇಷ್ಟ, ಅವರಿಲ್ಲ, ನೀವಾದರೂ ತಿನ್ನಿ" ಎಂದರು. ಆ ಹಸಿರು ಕಾಯಿಗಳನ್ನು ನೋಡಿ ನನಗೆ ಕೈ ಚಾಚಲು ಆಗಲಿಲ್ಲ. ನಿಮ್ಮ ಉತ್ತರ ಬರುವವರೆಗೆ ಕಾಯುತ್ತೇನೆ ಎಂದು ಮೇಲೆ ಬರೆದದ್ದು ಸುಳ್ಳಾಯಿತು. ಹೇಳಿಬಿಟ್ಟೆ. ಹಿಂದಿಯಲ್ಲಿ, ಇದರಲ್ಲಿ ಮಂಗಳವಾರ ನಾನು ಮಾಂಸ ಬೇಯಿಸಿದ್ದೆ ಎಂದು. ನಗು ಬರಲಿಲ್ಲ.

ಅವರು ಕೂಗಾಡಲಿಲ್ಲ. "ಸುಮತಿಬೆನ್ ಕೋ ಪತಾ ಹೈ?" ಎಂದು ಕೇಳಿದರು. ಮಾಮಿಗೆ ಗೊತ್ತಿಲ್ಲ ಎಂದೆ. ತಪೇಲಿಯನ್ನು ನೋಡಿ, "ತೋ ಇತ್ನೆ ಸಾಲ್...?" ಎಂದರು, ಮುಗಿಸಲಿಲ್ಲ. ಹಾಗಾದರೆ ಇಷ್ಟು ವರ್ಷ? ನನ್ನ ಒಂದು ದಿನದ ಚಿಲ್ಲಿ ನಿಮ್ಮ ಇಷ್ಟು ವರ್ಷಗಳ ಮೇಲೆ ಬಿತ್ತು, ಮಾಮಿ. ಇಲ್ಲ ಆಂಟಿ, ಎಂದಿಗೂ ಇಲ್ಲ, ಅವರು ಮೀನಿಗೆ ಸೂರತ್‌ಗೆ ಹೋಗುತ್ತಾರೆ ಎಂದು ಆಣೆ ಮಾಡಿದೆ. ತೊಳೆದ ಪಾತ್ರೆ ಎಂದು ನಗುತ್ತ ಕೊಟ್ಟವಳ ಆಣೆಗೆ ಏನು ಬೆಲೆ? ಅವರು ಕೆಳಗೆ ಕೂತು, ಕಡಲೆಯನ್ನೆಲ್ಲ ತಮ್ಮ ಸೆರಗಿಗೆ ಸುರಿದುಕೊಂಡು, ಖಾಲಿ ತಪೇಲಿಯನ್ನು ನಮ್ಮ ಹೊಸ್ತಿಲ ಮೇಲಿಟ್ಟು ಹೋದರು. ತಮ್ಮ ಮನೆಯ ಬಾಗಿಲು ಮೆತ್ತಗೆ ಹಾಕಿಕೊಂಡರು.

ಇದು ಸಿಕ್ಕಿದ ಕೂಡಲೇ ಅವರಿಗೆ ಫೋನ್ ಮಾಡಿ. ಅವರಾಗಿ ನಿಮ್ಮನ್ನು ಕೇಳುವುದಿಲ್ಲ, ಅವರ ಮುಖ ನೋಡಿದ ನನಗೆ ಗೊತ್ತು. ನನ್ನ ಪರವಾಗಿ ಒಂದು ಮಾತೂ ಆಡಬೇಡಿ, ಹುಡುಗಿ ಚಿಕ್ಕವಳು ಎನ್ನಬೇಡಿ. ನಿಮ್ಮ ಆ ವರ್ಷಗಳ ಬಗ್ಗೆ ಮಾತ್ರ ಹೇಳಿ. ಅದನ್ನು ನೀವೇ ಹೇಳಬೇಕು.

ಶರತ್ ಸ್ಪೀಡ್ ಪೋಸ್ಟಿಗೆ ಹೊರಟು ನಿಂತಿದ್ದಾರೆ. ತಪೇಲಿ ಇನ್ನೂ ಹೊಸ್ತಿಲ ಮೇಲೇ ಇದೆ, ಒಳಗೆ ತರಲು ನಮ್ಮಿಬ್ಬರಿಗೂ ಕೈ ಬರುತ್ತಿಲ್ಲ. ಶರತ್ ಅದನ್ನು ದಾಟಿಕೊಂಡೇ ಹೋಗಬೇಕು.